ಹಳೆಯ ಕ್ಯಾಸೆಟ್, ಹೊಸ ಆಂಪ್ಲಿಫೈಯರ್

ಕಾರವಾರ, ಖಾನಾಪುರ, ಮಡಗಾಂವ ಕಡೆಯ ಸದಸ್ಯರು ಭೇಟಿಯಾದಾಗಲೆಲ್ಲ ಒಂದು ಮಾತು ಬರುತ್ತದೆ: "ಮಕ್ಕಳು ದೊಡ್ಡ ಆಂಪ್ಲಿಫೈಯರ್ ಕೊಡಿಸ್ಯಾರ್ರೀ, ಆದ್ರ ಹಳೇ ಹಾಡು ಮೊದಲಿನಂಗ ಕೇಳಂಗಿಲ್ಲ." ನನ್ನ ಮನೆಯಲ್ಲೂ ಹಾಗೇ ಆಗಿತ್ತು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1986ರಲ್ಲಿ ತಂಗಿಯ ಮದುವೆಯಲ್ಲಿ ನಮ್ಮ ಅವ್ವ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ ನನ್ನ ಬಳಿ ಇದೆ. ಒಂದೇ ಮೈಕಿನ ಸಣ್ಣ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿದ್ದು. ಅವ್ವನ ದನಿ ಇರುವುದು ಅದೊಂದರಲ್ಲೇ. ಕಳೆದ ಮಳೆಗಾಲದಲ್ಲಿ ಅದನ್ನು ಡೆಕ್ಕಿಗೆ ಹಾಕಿದರೆ ಬರೀ 'ಸುಯ್' ಎಂಬ ಸದ್ದು. ಅವ್ವ ಎಲ್ಲೋ ಬಾವಿಯೊಳಗಿಂದ ಹಾಡಿದಂತೆ. ಇಲ್ಲಿನ ತೇವಕ್ಕೆ ಟೇಪು ಹಾಳಾಯಿತೆಂದೇ ತಿಳಿದೆ. ಎರಡು ದಿನ ಊಟ ಸೇರಲಿಲ್ಲ.

ಪುಣೆಯಲ್ಲಿರುವ ಮಗ ಫೋನಿನಲ್ಲಿ ಕೇಳಿದ: "ಅಪ್ಪಾ, ನಡುವಿನ ಸ್ಪೀಕರ್ ಎಲ್ಲೈತ್ರಿ?" ಅದು ಅಟ್ಟದ ಮೇಲಿತ್ತು. ಗೋಡೆಗೆ ಬಣ್ಣ ಹಚ್ಚಿಸುವಾಗ ಐದರಲ್ಲಿ ಮೂರು ಸ್ಪೀಕರ್ ಬಿಚ್ಚಿ ಮೇಲಿಟ್ಟಿದ್ದೆ. ಆಂಪ್ಲಿಫೈಯರಿಗೆ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ!

ಆದದ್ದು ಇಷ್ಟು. ಹೋಮ್ ಥಿಯೇಟರ್ ಬಗೆಯ ಆಂಪ್ಲಿಫೈಯರ್ 'ಸರೌಂಡ್' ಮೋಡಿನಲ್ಲಿದ್ದಾಗ ಎಡಕ್ಕೂ ಬಲಕ್ಕೂ ಸಮನಾಗಿ ಇರುವ ಸದ್ದನ್ನು ಹೆಕ್ಕಿ ನಡುವಿನ ಸ್ಪೀಕರಿಗೆ ಕಳಿಸುತ್ತದೆ. ಸಿನಿಮಾದಲ್ಲಿ ಮಾತು ಪರದೆಯ ನಡುವಿನಿಂದ ಬರಲೆಂದು ಈ ಏರ್ಪಾಡು. ಒಂದೇ ಮೈಕಿನ ಧ್ವನಿಮುದ್ರಣದಲ್ಲಿ ಹಾಡುವ ದನಿ ಎರಡೂ ಕಡೆ ಒಂದೇ ಸಮ. ಹಾಗಾಗಿ ಅವ್ವನ ದನಿ ಪೂರಾ ಇಲ್ಲದ ಸ್ಪೀಕರಿಗೆ ಹೋಗುತ್ತಿತ್ತು. ಟೇಪಿನ 'ಸುಯ್' ಸದ್ದು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಇರುವುದರಿಂದ ಅದಷ್ಟೇ ನನಗೆ ಉಳಿದಿತ್ತು.

ರಿಮೋಟಿನಲ್ಲಿ 'ಸ್ಟೀರಿಯೊ' ಎಂದು ಒತ್ತಿದ ಕೂಡಲೇ ಅವ್ವ ಕೋಣೆಗೆ ಬಂದಳು. ಆದರೆ ಅದು ತಾತ್ಕಾಲಿಕ ಉಪಾಯ. ಸೆಟಪ್ ಮೆನುವಿನಲ್ಲಿ 'ಸ್ಪೀಕರ್ ಕಾನ್ಫಿಗರೇಶನ್' ತೆರೆದು, 'ಸೆಂಟರ್' ಮತ್ತು 'ಸರೌಂಡ್' ಎದುರು 'ನನ್' ಅಥವಾ 'ನೋ' ಎಂದು ಇಡಬೇಕು. ಆಗ ಯಾವ ಮೋಡ್ ಇದ್ದರೂ ನಡುವಿನ ದನಿ ಎಡ-ಬಲದ ಸ್ಪೀಕರುಗಳಿಗೇ ಹಂಚಿಕೆಯಾಗುತ್ತದೆ. ಮೆನು ಮುಟ್ಟುವ ಮೊದಲು ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಕೇಳಿ, ಬರೆದಿಡಿ. ಜೀವಮಾನವಿಡೀ ಕಡತ ನೋಡಿಕೊಂಡವನ ಚಾಳಿ ಎಂದು ನಗಬೇಡಿ, ಹಿಂದಕ್ಕೆ ಬರಲು ದಾರಿ ಬೇಕಲ್ಲ.

ಅದೇ ಪುಟದಲ್ಲಿ 'ಸಬ್‌ವೂಫರ್' ಎಂದಿರುತ್ತದೆ. ನಿಮ್ಮಲ್ಲಿ ಆ ಪೆಟ್ಟಿಗೆ ಇಲ್ಲದಿದ್ದರೆ ಅದಕ್ಕೂ 'ನೋ' ಹಾಕಿ, ಮುಂದಿನ ಸ್ಪೀಕರುಗಳನ್ನು 'ಲಾರ್ಜ್' ಮಾಡಿ. 'ಸ್ಮಾಲ್' ಎಂದಿದ್ದು, ಕ್ರಾಸ್‌ಓವರ್ 80 ಹರ್ಟ್ಜ್ ಇದ್ದರೆ, ಅದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗುತ್ತದೆ. ಅದೇ ಇಲ್ಲವೆಂದರೆ ತಬಲಾದ ಡಗ್ಗಾದ ಗುಂಜು ಎಲ್ಲಿಂದ ಬರಬೇಕು? ಪೆಟ್ಟಿಗೆ ಇದ್ದವರು 'ಸ್ಮಾಲ್', 80 ಹರ್ಟ್ಜ್ ಇಟ್ಟು ನೋಡಿ, ಚಿಕ್ಕ ಸ್ಪೀಕರುಗಳ ಮೇಲಿನ ಭಾರ ಇಳಿಯುತ್ತದೆ.

'ಡಿಸ್ಟನ್ಸ್' ಎಂದರೆ ಕುರ್ಚಿಯಿಂದ ಸ್ಪೀಕರಿಗೆ ಇರುವ ದೂರ. ಅಳತೆಪಟ್ಟಿ ಹಿಡಿದು ತುಂಬಿಸಿ. ಸದ್ದು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಕುರ್ಚಿ ಒಂದು ಬದಿಗಿದ್ದರೆ ಹಾಡುವವರೂ ಆ ಬದಿಗೇ ಸರಿದಂತೆ ಕೇಳುತ್ತದೆ.

'ನೈಟ್ ಮೋಡ್' ಅಥವಾ 'ಡೈನಾಮಿಕ್ ವಾಲ್ಯೂಮ್' ಮೆಲುದನಿಯನ್ನು ಏರಿಸಿ ಜೋರು ದನಿಯನ್ನು ತಗ್ಗಿಸುತ್ತದೆ. ರಾತ್ರಿ ವಾರ್ತೆಗೆ, ಫ್ಲ್ಯಾಟಿನ ನೆರೆಯವರ ದೃಷ್ಟಿಯಿಂದ ಒಳ್ಳೆಯದೇ. ಖಯಾಲ್ ಕೇಳುವಾಗ ಮಾತ್ರ ಬಂದ್ ಮಾಡಿ. ಮೆಲ್ಲನೆ ಎದ್ದು ತಾನಿನವರೆಗೆ ಏರಬೇಕಾದ ಹಾಡು ಅದರಲ್ಲಿ ಸಪಾಟಾಗಿಬಿಡುತ್ತದೆ.

ನಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಆಗ ವಾಲ್ಯೂಮ್ ಏರಿಸುವ ಬದಲು ಬಾಸ್ ಸ್ವಲ್ಪ ಇಳಿಸಿ, ಟ್ರೆಬಲ್ ಒಂದೆರಡು ಅಂಕ ಏರಿಸಿ. ಕ್ಯಾಸೆಟ್ಟಿನ 'ಸುಯ್' ಕೂಡ ಏರುತ್ತದೆ, ನಿಜ. ಮೊಮ್ಮಕ್ಕಳು ಮೂಗು ಮುರಿಯುತ್ತಾರೆ, ನಾನು ಸಹಿಸಿಕೊಳ್ಳುತ್ತೇನೆ.

ಗ್ರಾಮೊಫೋನ್ ತಟ್ಟೆ ಇಟ್ಟುಕೊಂಡವರು ಆಂಪ್ಲಿಫೈಯರಿನಲ್ಲಿ 'ಮೋನೊ' ಗುಂಡಿ ಇದೆಯೇ ನೋಡಿ. ನಮ್ಮ ಫೋಂಡಾ ತಾಲೂಕಿನ ಕೇರಿಯ ಕೇಸರಬಾಯಿ ಕೇರಕರ್ (1892–1977) ಅಲ್ಲಾದಿಯಾ ಖಾನರ ಶಿಷ್ಯೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910–1992) ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಕಲಿತವರು. ಗಡಿಯ ಆಚೆ-ಈಚೆ ಒಂದೇ ಘರಾಣೆ. ಇಬ್ಬರ 78 ಆರ್‌ಪಿಎಂ ತಟ್ಟೆಗಳೂ ಮೋನೊ. ಅವುಗಳಲ್ಲಿ ಸೂಜಿ ಅಡ್ಡಡ್ಡ ಆಡಿದಾಗ ಹಾಡು. ಧೂಳು, ಸವಕಳಿಯಿಂದ ಮೇಲೆ-ಕೆಳಗೆ ಕುಣಿದಾಗ ಬರುವುದು ಬರೀ ಗದ್ದಲ. 'ಮೋನೊ' ಒತ್ತಿದರೆ ಎಡ-ಬಲ ಕೂಡಿ ಆ ಗದ್ದಲದ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತದೆ. ಈ ತಟ್ಟೆಗಳಿಗೆ ಸೂಜಿ ಬೇರೆ, ಎಲ್‌ಪಿ ಸೂಜಿ ಹಾಕಬೇಡಿ.

ಮನೆಯಲ್ಲಿ ದನಿ ಮಾಸಿದ ಕ್ಯಾಸೆಟ್ ಇದ್ದರೆ ರದ್ದಿಗೆ ಹಾಕುವ ಮೊದಲು ಎರಡೇ ಸ್ಪೀಕರಿನಲ್ಲಿ, 'ಸ್ಟೀರಿಯೊ' ಮೋಡಿನಲ್ಲಿ ಒಮ್ಮೆ ಕೇಳಿ. ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಡೆಕ್ ಇಲ್ಲದವರು ಸಂಘಕ್ಕೆ ತನ್ನಿ, ನನ್ನ ಡೆಕ್ ಹೊತ್ತು ತರುತ್ತೇನೆ. ಕ್ಯಾಸೆಟ್ಟಿನ ಮೇಲೆ ಹೆಸರು, ಊರು ಬರೆದಿರಲಿ. ಕಳೆದ ಸಲ ಬಂದ ಎರಡು ಯಾರವೆಂದು ಇನ್ನೂ ತಿಳಿದಿಲ್ಲ. ಒಂದರಲ್ಲಿ ಕೂಸು ಅಳುವ ಸದ್ದಿದೆ, ಅಜ್ಜಿಯೊಬ್ಬಳು ಲಾಲಿ ಹೇಳುತ್ತಾಳೆ.

— ಕಾರ್ಯದರ್ಶಿ