ಅಜ್ಜ ಕುಡಿದೂ ತೊಂಬತ್ತು ದಾಟಿದ! ನಿಮಗಿದು ಗೊತ್ತೇ?

ಯಶವಂತನಗರದ ಚಹಾ ಅಂಗಡಿಯಲ್ಲೋ ಹೊಸಪೇಟೆ ಬಸ್ ನಿಲ್ದಾಣದಲ್ಲೋ "ಕುಡಿದ್ರೆ ಕ್ಯಾನ್ಸರ್ ಬರುತ್ತಂತೆ" ಅಂದು ನೋಡಿ. "ನಮ್ಮಜ್ಜ ದಿನಾ ಹಾಕ್ಕೊಂಡೇ ತೊಂಬತ್ತು ದಾಟಿದ, ಬಿಡ್ರಿ!" ಅನ್ನೋರು ಒಬ್ಬರಾದರೂ ಸಿಗುತ್ತಾರೆ. ಈ ಅನುಮಾನ ಅಮೆರಿಕದಲ್ಲೂ ಉಂಟು!

2025ರ ಜನವರಿಯಲ್ಲಿ ಅಲ್ಲಿನ ಸರ್ಜನ್ ಜನರಲ್, ಅಂದರೆ ಜನಾರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ವೈದ್ಯರು, ಮದ್ಯದ ಬಾಟಲಿ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಿ ಎಂದರು. ಮದ್ಯದಿಂದ ಕ್ಯಾನ್ಸರ್ ಬರುತ್ತದೆಂಬ ಅರಿವಿದ್ದವರು ಅಮೆರಿಕದಲ್ಲಿ ಅರ್ಧದಷ್ಟೂ ಇರಲಿಲ್ಲ. ಎಚ್ಚರಿಕೆ ಹಾಕಿ ಎಂದ ಆ ವೈದ್ಯರು ವಿವೇಕ್ ಮೂರ್ತಿ. ಅವರ ಮನೆತನದ ಊರು? ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ!

ಇದು ಹೊಸ ಸುದ್ದಿಯೇ? ಅಲ್ಲವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮದ್ಯವನ್ನು ಮೊದಲ ಗುಂಪಿನ, ಅಂದರೆ ಖಚಿತ, ಕ್ಯಾನ್ಸರ್‌ಕಾರಕ ಎಂದದ್ದು 1988ರಲ್ಲೇ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ!

ಹಾಗಿದ್ದರೆ ಜನ ಯಾಕೆ ನಂಬುವುದಿಲ್ಲ? ತಪ್ಪು ಅವರೊಬ್ಬರದೇ ಅಲ್ಲ ನೋಡಿ. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ದೊಡ್ಡ ಅಧ್ಯಯನ, ಒಂದು ಹನಿಯೂ ಕ್ಷೇಮವಲ್ಲ ಎಂದಿತು. 2022ರಲ್ಲಿ ಅದೇ ಬಳಗ, ಅದೇ ಪತ್ರಿಕೆ: ನಲವತ್ತು ದಾಟಿದ ಆರೋಗ್ಯವಂತರಿಗೆ ತುಸು ಕುಡಿದರೆ ಒಂದಿಷ್ಟು ಲಾಭ ಇರಬಹುದು! 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ: ಎಷ್ಟೇ ಕಡಿಮೆಯಾದರೂ ಸುರಕ್ಷಿತವಲ್ಲ! ಕೇಳುವವರ ತಲೆ ತಿರುಗದೆ ಇರುತ್ತದೆಯೇ?

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ಕೇಳಿದ್ದೀರಲ್ಲ? 1991ರಲ್ಲಿ ಅಮೆರಿಕದ ಒಂದೇ ಒಂದು ಟಿವಿ ಕಾರ್ಯಕ್ರಮ ಹಾಗೆ ಹೇಳಿದ್ದೇ ತಡ, ವೈನ್ ಮಾರಾಟ ಜಿಗಿಯಿತು. ವೈನಿನೊಳಗಿನ ರೆಸ್ವೆರಾಟ್ರಾಲ್ ಎಂಬ ವಸ್ತುವಿನ ಗುಣಗಾನ ಮಾಡುತ್ತಿದ್ದ ದೀಪಕ್ ದಾಸ್ ಎಂಬ ಸಂಶೋಧಕರು 145 ಕಡೆ ಅಂಕಿಅಂಶ, ಚಿತ್ರ ತಿದ್ದಿದ್ದಾರೆಂದು ಅವರ ಕನೆಕ್ಟಿಕಟ್ ವಿಶ್ವವಿದ್ಯಾಲಯವೇ 2012ರಲ್ಲಿ ಸಾರಿತು. ನೂರಾ ನಲವತ್ತೈದು!

ಇನ್ನೊಂದು ಕೇಳಿ. ದಿನಕ್ಕೊಂದು ಪೆಗ್ ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸಲು ಅಮೆರಿಕ 10 ಕೋಟಿ ಡಾಲರ್ ಯೋಜನೆ ಹಾಕಿತು. ಬಹುಪಾಲು ದುಡ್ಡು ಕೊಡಲು ಒಪ್ಪಿದವರು ಯಾರು? ಮದ್ಯದ ಕಂಪನಿಗಳೇ! ಗುಟ್ಟು ರಟ್ಟಾಗಿ 2018ರಲ್ಲಿ ಅದನ್ನು ನಿಲ್ಲಿಸಿದರು.

"ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಗಟ್ಟಿ" ಎಂಬ ಹಳೆ ಲೆಕ್ಕದಲ್ಲೂ ಒಂದು ಮಜಾ ಇದೆ. ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ 'ಕುಡಿಯದವರು' ಎಂದೇ ಎಣಿಸಿಬಿಟ್ಟಿದ್ದರು! ಹಾಗಾದಾಗ ಕುಡಿಯದವರ ಗುಂಪೇ ರೋಗಿಷ್ಠವಾಗಿ ಕಾಣದೆ ಏನಾದೀತು? ಬ್ರಿಟನ್ನಿನ ಸಂಶೋಧಕ ಶೇಪರ್ ಮತ್ತು ಸಂಗಡಿಗರು 1988ರಲ್ಲೇ ಇದನ್ನು ಎತ್ತಿ ತೋರಿಸಿದ್ದರು.

52 ದೇಶಗಳ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ಬೇರೆ ಕಡೆ ಮದ್ಯ ಹೃದಯಾಘಾತಕ್ಕೆ ಕೊಂಚ ತಡೆಯಂತೆ ಕಂಡಿತು. ನಮ್ಮ ದಕ್ಷಿಣ ಏಷ್ಯಾದವರಲ್ಲಿ? ಆ ಭಾಗ್ಯವೂ ಕಾಣಲಿಲ್ಲ!

ಇನ್ನು ನಮ್ಮ ಕರ್ನಾಟಕ. ಸರ್ಕಾರದ್ದೇ ಆದ ಮದ್ಯಪಾನ ಸಂಯಮ ಮಂಡಳಿ ಕುಡಿಯಬೇಡಿ ಅನ್ನುತ್ತದೆ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಊರೂರಲ್ಲಿ ಮದ್ಯದ ಮಳಿಗೆ ತೆರೆದು ಕೂತಿದೆ. ಶಾಲೆ ಮಕ್ಕಳ 'ಲೇಖಕ್' ನೋಟ್‌ಬುಕ್ ಇದೆಯಲ್ಲ? ಅದನ್ನು ಮಾರುವುದೂ ಅದೇ ಎಂಎಸ್‌ಐಎಲ್!