ಮನೆಯ ಗಣಕಕ್ಕೆ ಮನೆಯಲ್ಲೇ ಕಟ್ಟಿದ ಕರ್ನೆಲ್

ಗಣಕಯಂತ್ರದ ಪರದೆಯ ಮೇಲೆ ಒಂದು ‘ಕ’ಕಾರವನ್ನು ಮೂಡಿಸಲೆಂದು ಕೀಲಿಮಣೆಯ ಗುಂಡಿಯನ್ನೊತ್ತಿದವನಿಗೆ, ಆ ಒತ್ತಿಗೂ ಅಕ್ಷರದರ್ಶನಕ್ಕೂ ನಡುವೆ ಎಷ್ಟು ಕೈಗಳು ದುಡಿದವೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಗುಂಡಿ ಒತ್ತಿದೊಡನೆ ಪ್ರೊಸೆಸರಿಗೆ ‘ಇಂಟರಪ್ಟ್’ ಎಂಬ ಸಂಜ್ಞೆಯೊಂದು ತಲಪುತ್ತದೆ; ಪ್ರೊಸೆಸರು ತಾನು ಆಗ ಮಾಡುತ್ತಿದ್ದುದನ್ನು ಇದ್ದಲ್ಲಿಯೇ ನಿಲ್ಲಿಸಿ, ಎಲ್ಲಿ ನಿಲ್ಲಿಸಿದೆನೆಂಬ ಗುರುತನ್ನು ಕಾದಿಟ್ಟು, ಕರ್ನೆಲ್ ಎಂಬ ಮೂಲ ತಂತ್ರಾಂಶದೊಳಗಣ ಒಂದು ನಿಯತಸ್ಥಾನಕ್ಕೆ ನೆಗೆದು, ಒತ್ತಿದ ಗುಂಡಿ ಯಾವುದೆಂಬುದರ ಅಂಕಿಯನ್ನು ಓದಿ ಮೇಲಿನವರ ವಶಕ್ಕೆ ಒಪ್ಪಿಸಿ, ಬಿಟ್ಟ ಕೆಲಸಕ್ಕೆ ಹಿಂದಿರುಗುತ್ತದೆ. ಇಂದಿನ ಚಿತ್ರಮಯ ಪರದೆಗಳಲ್ಲಿ ಆ ಅಂಕಿಯನ್ನು ‘ಕ’ಕಾರವೆಂದು ನಿರ್ಣಯಿಸುವುದಾಗಲಿ, ಅದಕ್ಕೆ ಗುಣಿತವನ್ನೋ ಒತ್ತನ್ನೋ ಕೂಡಿಸಿ ಚಿತ್ರಿಸುವುದಾಗಲಿ ಕರ್ನೆಲಿನ ಕರ್ತವ್ಯವಲ್ಲ, ಅದೆಲ್ಲವೂ ಹೊರಗಿನ ಪದರಗಳ ವ್ಯಾಪಾರ. ಲಿನಕ್ಸ್ ಕರ್ನೆಲ್ ತನ್ನ ಸ್ವಂತದ ಬರಿಯ ಅಕ್ಷರಪರದೆಯ ಮೇಲೆ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಇಟ್ಟುಕೊಳ್ಳಬಲ್ಲುದು, ಅಕ್ಷರಕ್ಕೆ ಅಕ್ಷರವನ್ನು ಬೆಸೆಯುವ ವಿದ್ಯೆಯಂತೂ ಅದಕ್ಕೆ ಬಾರದು. ಆದಕಾರಣ ನಮ್ಮ ‘ಸ್ತ್ರೀ’, ‘ಲಕ್ಷ್ಮಿ’ಗಳು ಅಲ್ಲಿ ಸರಿಯಾಗಿ ಮೂಡಲಾರವು. ಕನ್ನಡದ ಅಭಿಮಾನಿಗಳು ಇದಕ್ಕಾಗಿ ಮುನಿಯಬೇಕಾದುದಿಲ್ಲ. ಮಾಡಬೇಕಾದುದು ಯಾವುದು, ಪರರಿಗೆ ಬಿಡಬೇಕಾದುದು ಯಾವುದು ಎಂಬ ವಿವೇಕವೇ ಕರ್ನೆಲಿನ ರಚನೆಯ ಸಾರವಾಗಿದೆ.

ಅದು ತನಗಾಗಿ ಇಟ್ಟುಕೊಂಡ ಕೆಲಸಗಳು ಬಗೆಯಲ್ಲಿ ಕೆಲವೇ ಆದರೂ ಅಧಿಕಾರದಲ್ಲಿ ಉಳಿದೆಲ್ಲಕ್ಕೂ ಮೇಲಾದವು. ಇಂಟೆಲ್ ವರ್ಗದ ಪ್ರೊಸೆಸರುಗಳಲ್ಲಿ ಅಧಿಕಾರದ ನಾಲ್ಕು ವಲಯಗಳನ್ನು ಕಲ್ಪಿಸಿರುವರಷ್ಟೆ; ಲಿನಕ್ಸ್ ಅವುಗಳಲ್ಲಿ ಎರಡನ್ನೇ ಬಳಸಿ, ಒಳಗಿನ ಸೊನ್ನೆಯ ವಲಯದಲ್ಲಿ ಕರ್ನೆಲನ್ನೂ ಹೊರಗಿನ ಮೂರನೆಯದರಲ್ಲಿ ಮಿಕ್ಕ ಸಮಸ್ತ ಪ್ರೋಗ್ರಾಮುಗಳನ್ನೂ ನೆಲೆಗೊಳಿಸುತ್ತದೆ. ಹೊರವಲಯದವರಾರೂ ಡಿಸ್ಕನ್ನಾಗಲಿ ತಮಗೆ ಹಂಚಿಕೊಡದ ಸ್ಮೃತಿಯನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಒಂದು ಕಡತವನ್ನು ತೆರೆಯಬೇಕಾದರೂ ‘ಸಿಸ್ಟಂ ಕಾಲ್’ ಎಂಬ ವಿಧಿಬದ್ಧವಾದ ಬಿನ್ನಹದ ಮೂಲಕ ಕರ್ನೆಲನ್ನೇ ಕೇಳಬೇಕು. ಇದಕ್ಕಿಂತಲೂ ಸೂಕ್ಷ್ಮವಾದುದು ಕಾಲದ ಹಂಚಿಕೆ. ಉದ್ದನೆಯ ಪಂಕ್ತಿಯೊಂದಕ್ಕೆ ಒಬ್ಬನೇ ಬಡಿಸುವವನಿದ್ದು, ಯಾರ ಎಲೆಯೂ ಬರಿದಾಗಿ ಕಾಣದಂತೆಯೂ, ತನಗಾಗಿಯೇ ಅವನು ನಿಂತಿರುವನೆಂದು ಪ್ರತಿಯೊಬ್ಬ ಉಣ್ಣುವವನೂ ಭಾವಿಸುವಂತೆಯೂ ಅವನು ಓಡಾಡಿದರೆ ಹೇಗೋ, ಹಾಗೆ ಕರ್ನೆಲಿನ ‘ಷೆಡ್ಯೂಲರ್’ ನೂರಾರು ಪ್ರೋಗ್ರಾಮುಗಳಿಗೆ ಪ್ರೊಸೆಸರನ್ನು ಕ್ಷಣಕ್ಷಣವೂ ಹಂಚುತ್ತಿರುತ್ತದೆ. ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂಬ ಈ ನ್ಯಾಯದ ಪ್ರಶ್ನೆ ಸುಲಭವಾದುದಲ್ಲ. ಇಂಗೋ ಮೋಲ್ನಾರ್ ಎಂಬ ಹಂಗೇರಿಯನು 2007ರಲ್ಲಿ ರೂಪಿಸಿದ ಪದ್ಧತಿಯು ಹದಿನಾರು ವರ್ಷ ನಡೆದು, 2023ರಲ್ಲಿ ಬಂದ 6.6ನೆಯ ಆವೃತ್ತಿಯಲ್ಲಿ ಇನ್ನೊಂದಕ್ಕೆ ಎಡೆಗೊಟ್ಟಿತು.

ಈ ಕರ್ನೆಲಿನ ಜನ್ಮವೃತ್ತಾಂತದಲ್ಲಿಯೇ ನಮ್ಮ ವಿಷಯದ ಬೀಜವೂ ಇದೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ 33 ಮೆಗಾಹರ್ಟ್ಸ್ ವೇಗದ, 4 ಮೆಗಾಬೈಟ್ ಸ್ಮೃತಿಯ ಒಂದು 386 ಯಂತ್ರವನ್ನು ಕೊಂಡು, ಆಂಡ್ರ್ಯೂ ಟಾನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಬೋಧನೆಗೆಂದು ರಚಿಸಿದ್ದ ಮಿನಿಕ್ಸ್ ವ್ಯವಸ್ಥೆಯ ನೆರಳಿನಲ್ಲಿ ತನ್ನದೊಂದನ್ನು ಬರೆಯತೊಡಗಿ, ಆ ವರ್ಷದ ಆಗಸ್ಟಿನಲ್ಲಿ ಅದನ್ನು ಲೋಕಕ್ಕೆ ತಿಳಿಯಪಡಿಸಿದನು. ಸೆಪ್ಟೆಂಬರಿನಲ್ಲಿ ಹೊರಬಿದ್ದ ಮೊದಲ ಆವೃತ್ತಿ ಸುಮಾರು ಹತ್ತು ಸಾವಿರ ಸಾಲುಗಳಷ್ಟು ಮಾತ್ರ; ಅದಕ್ಕೆ ತಿಳಿದಿದ್ದುದು ಫಿನ್ನಿಷ್ ಕೀಲಿಮಣೆಯೊಂದೇ. ಬೇರೆ ದೇಶದ ಕೀಲಿಮಣೆಯುಳ್ಳವನು ಮೂಲಪಾಠವನ್ನು ತೆರೆದು ತಾನೇ ತಿದ್ದಿ ಮರಳಿ ಕಂಪೈಲ್ ಮಾಡದೆ, ಎಂದರೆ ಯಂತ್ರಭಾಷೆಗೆ ಪರಿವರ್ತಿಸದೆ, ಗತ್ಯಂತರವಿರಲಿಲ್ಲ. ಮನೆಯಲ್ಲಿ ಕರ್ನೆಲನ್ನು ಕಟ್ಟಿಕೊಳ್ಳುವುದು ಆಮೇಲೆ ಬಂದ ಹವ್ಯಾಸಿಗಳ ವಿಲಾಸವಲ್ಲವೆಂಬುದೂ, ಆ ವ್ಯವಸ್ಥೆಯ ಹುಟ್ಟಿನೊಡನೆಯೇ ಬಂದ ಅನಿವಾರ್ಯವೆಂಬುದೂ ಇದರಿಂದ ಸ್ಪಷ್ಟ. ಡಿಸ್ಕು, ಕಡತವ್ಯವಸ್ಥೆ, ಜಾಲ ಎಲ್ಲವನ್ನೂ ಒಂದೇ ಕಾಯದೊಳಗೆ ಹಿಡಿದಿಡುವ ಈ ರಚನೆ ಹಳತಾದುದೆಂದು 1992ರ ಜನವರಿಯಲ್ಲಿ ಟಾನೆನ್‌ಬಾಮರು ಬಹಿರಂಗವಾಗಿ ಆಕ್ಷೇಪಿಸಿದ್ದುಂಟು. ಶಾಸ್ತ್ರದೃಷ್ಟಿಯಿಂದ ಅವರ ವಾದ ಬಲವಾದುದೇ. ಆದರೆ ಲೋಕವು ವಿದ್ಯಾರ್ಥಿಯ ಕಡೆಗೆ ವಾಲಿತು.

ಇಂದು ಆ ಮೂಲಪಾಠವು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಆಕ್ರಮಿಸಿರುವುದು ಡ್ರೈವರುಗಳು, ಅರ್ಥಾತ್ ಒಂದೊಂದು ಬಗೆಯ ಯಂತ್ರಭಾಗದೊಡನೆ ಅದರದರ ಭಾಷೆಯಲ್ಲಿ ವ್ಯವಹರಿಸುವ ಖಂಡಗಳು. ಉಬುಂಟು, ಫೆಡೋರಾ ಮೊದಲಾದ ವಿತರಣೆಗಳವರು ತಮ್ಮ ವ್ಯವಸ್ಥೆಯನ್ನು ಯಾವ ಮನೆಯ ಯಾವ ಯಂತ್ರದಲ್ಲಿ ಯಾರು ಹಾಕಿಕೊಳ್ಳುವರೆಂದು ಅರಿಯರಾದ್ದರಿಂದ, ಇರತಕ್ಕ ಡ್ರೈವರುಗಳನ್ನೆಲ್ಲ ಬಹುಮಟ್ಟಿಗೆ ಮಾಡ್ಯೂಲುಗಳಾಗಿ, ಬೇಕಾದಾಗ ಮಾತ್ರ ಸ್ಮೃತಿಗೆ ಕರೆಸಿಕೊಳ್ಳುವ ಬಿಡಿ ತುಂಡುಗಳಾಗಿ, ಕಟ್ಟಿ ಕಳುಹಿಸುವರು. ನನ್ನ ಮೇಜಿನ ಮೇಲಿನ ಯಂತ್ರಕ್ಕೆ ಫ್ಲಾಪಿ ಡ್ರೈವ್ ಇಲ್ಲ, ಜಾಯ್‌ಸ್ಟಿಕ್ ಇಲ್ಲ, ಮಹಾಗಣಕಗಳನ್ನು ಹೆಣೆಯುವ ಇನ್ಫಿನಿಬ್ಯಾಂಡ್ ಅಂತೂ ಮೊದಲೇ ಇಲ್ಲ. ಆದರೂ ಅವುಗಳ ಡ್ರೈವರುಗಳೆಲ್ಲ ಡಿಸ್ಕಿನ ಮೇಲೆ ಎಂದೂ ಬಾರದ ಯಜಮಾನರಿಗಾಗಿ ಕಾದು ಕುಳಿತಿವೆ.

ಈ ಸಂಗ್ರಹದಿಂದ ತನಗೆ ಬೇಕಾದುದನ್ನಷ್ಟೇ ಆಯ್ದುಕೊಳ್ಳುವ ಕಾರ್ಯವೇ ಸ್ವಂತ ಕರ್ನೆಲ್ ರಚನೆಯ ಅತ್ಯಂತ ರಸವತ್ತಾದ ಭಾಗ. ಮೂಲಪಾಠದ ಗಂಟನ್ನು ಇಳಿಸಿಕೊಂಡು, ಅದರ ಜತೆಗೆ ಬರುವ ಸಹಿಯನ್ನು ತಾಳೆ ನೋಡಿ, ಬಿಚ್ಚಿ, ಆ ಕೋಶದೊಳಗೆ ನಿಂತು ‘ಮೇಕ್ ಮೆನುಕಾನ್ಫಿಗ್’ ಎಂದು ಆಜ್ಞಾಪಿಸಿದರೆ, ನೀಲಿಯ ಹಿನ್ನೆಲೆಯ ಮೇಲೆ ಬೂದುಬಣ್ಣದ ಚೌಕದಲ್ಲಿ ಆಯ್ಕೆಗಳ ಪಟ್ಟಿ ತೆರೆದುಕೊಳ್ಳುತ್ತದೆ; ಒಂದರ ಒಳಗೆ ಒಂದು ಉಪಪಟ್ಟಿ, ಎಲ್ಲವೂ ಸೇರಿ ಹತ್ತು ಸಾವಿರಕ್ಕೂ ಮಿಕ್ಕವು. ಡ್ರೈವರುಗಳ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಉತ್ತರಗಳುಂಟು: ಕರ್ನೆಲಿನ ಕಾಯದೊಳಗೇ ಸೇರಿಸುವುದಾದರೆ ನಕ್ಷತ್ರ ಚಿಹ್ನೆ, ಮಾಡ್ಯೂಲಾಗಿ ಇಡುವುದಾದರೆ ‘ಎಂ’ ಅಕ್ಷರ, ಬೇಡವಾದರೆ ಬರಿಯ ಖಾಲಿ ಜಾಗ. ಪ್ರಶ್ನೆಯ ಗುರುತನ್ನೊತ್ತಿದರೆ ಆಯಾ ಆಯ್ಕೆಗೆ ವಿವರಣೆ ಬರುತ್ತದೆ, ಮತ್ತು ಆ ವಿವರಣೆಗಳಲ್ಲಿ ಅನೇಕವು, ‘ಏನು ಮಾಡಬೇಕೆಂದು ತಿಳಿಯದಿದ್ದರೆ ಬೇಡವೆನ್ನಿ’ ಎಂಬರ್ಥದ ಹಿತವಚನದಿಂದ ಮುಗಿಯುತ್ತವೆ. ಗಡಿಯಾರದ ಮಿಡಿತ ಸೆಕೆಂಡಿಗೆ 100 ಇರಬೇಕೋ, 250, 300, ಇಲ್ಲವೆ 1000 ಇರಬೇಕೋ ಎಂಬುದನ್ನೂ ಇಲ್ಲಿಯೇ ನಿರ್ಧರಿಸಬೇಕು. ಮಿಡಿತ ಹೆಚ್ಚಿದಷ್ಟೂ ಯಂತ್ರ ಚುರುಕಾಗಿ ಓಗೊಡುತ್ತದೆ, ಅಷ್ಟಷ್ಟೇ ಅದರ ಶ್ರಮವೂ ವ್ಯಯವಾಗುತ್ತದೆ.

ನಮ್ಮ ಉತ್ತರಗಳೆಲ್ಲವೂ ಕೊನೆಗೆ, ಹೆಸರಿನ ಮೊದಲಲ್ಲಿ ಒಂದು ಚುಕ್ಕಿಯುಳ್ಳ ‘ಕಾನ್ಫಿಗ್’ ಎಂಬ ಒಂದೇ ಕಡತದಲ್ಲಿ ಸಾಲುಸಾಲಾಗಿ ದಾಖಲಾಗುವುವು. ಅದನ್ನು ತೆರೆದು ಓದಿದವನಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳದಿರದು: ಬೇಡವೆಂದುದನ್ನು ಸುಮ್ಮನೆ ಬಿಟ್ಟುಬಿಡದೆ, ಟಿಪ್ಪಣಿಯ ಗುರುತಾದ ‘#’ ಚಿಹ್ನೆಯ ಮುಂದೆ ‘ಈಸ್ ನಾಟ್ ಸೆಟ್’ ಎಂದು ಬರೆದಿಟ್ಟಿರುತ್ತಾರೆ, ನೋಡುವುದಕ್ಕೆ ಅದು ಟಿಪ್ಪಣಿಯಾದರೂ ಕಾರ್ಯತಃ ಆಜ್ಞೆಯೇ ಸರಿ, ಏಕೆಂದರೆ ಆ ಸಾಲನ್ನು ಅಳಿಸಿದರೆ, ಉತ್ತರ ಕೊಡಲಿಲ್ಲವೆಂದು ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹತ್ತು ಸಾವಿರ ಪ್ರಶ್ನೆಗಳಿಗೆ ಉತ್ತರಿಸುವ ತಾಳ್ಮೆ ಇಲ್ಲದವರಿಗೆ ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಸುಲಭೋಪಾಯವಿದೆ. ಅದು ಈ ಕ್ಷಣದಲ್ಲಿ ಯಂತ್ರ ಬಳಸುತ್ತಿರುವ ಮಾಡ್ಯೂಲುಗಳಾವುವೆಂದು ನೋಡಿ ಉಳಿದುದನ್ನೆಲ್ಲ ಕಳೆದುಬಿಡುತ್ತದೆ. ಆದರೆ ಆ ಹೊತ್ತಿಗೆ ಸಿಕ್ಕಿಸಿರದ ಯುಎಸ್‌ಬಿ ಕ್ಯಾಮರಾ, ಚೀಲದಲ್ಲೇ ಉಳಿದ ಪೆನ್‌ಡ್ರೈವು ಅದರ ಪಾಲಿಗೆ ಇಲ್ಲವೇ ಇಲ್ಲ. ಇಂಥವನ್ನೆಲ್ಲ ಮೊದಲೇ ಸಿಕ್ಕಿಸಿ ಒಮ್ಮೆ ನಡೆಸಿ ನೋಡಿ ಆಮೇಲೆ ಆಜ್ಞೆ ಕೊಡುವುದು ಜಾಣತನ.

ಕಂಪೈಲ್ ಮಾಡುವ ಕಾರ್ಯವಾದರೋ ಯಂತ್ರದ್ದೇ, ನಮ್ಮದಲ್ಲ. ‘ಮೇಕ್’ ಎಂಬ ಆಜ್ಞೆಯ ಜತೆಗೆ ಪ್ರೊಸೆಸರಿನ ಕೋರುಗಳ ಸಂಖ್ಯೆಯನ್ನು ಸೇರಿಸಿ ಕೊಟ್ಟರೆ, ಅಷ್ಟು ಕಡತಗಳು ಏಕಕಾಲಕ್ಕೆ ಪರಿವರ್ತನೆಗೊಳ್ಳತೊಡಗುತ್ತವೆ. ಪರದೆಯ ಮೇಲೆ ‘ಸಿಸಿ’ ಎಂದು ಆರಂಭವಾಗಿ ಒಂದೊಂದು ಕಡತದ ಹೆಸರನ್ನು ಹೇಳುವ ಸಾಲುಗಳು, ಓದಲು ಅವಕಾಶ ಕೊಡದಂತೆ ಹರಿದುಹೋಗುತ್ತವೆ. ಫ್ಯಾನಿನ ಸದ್ದು ಏರುತ್ತದೆ. ಸಮೀಪದಲ್ಲಿ ಕೊಂಡ ಯಂತ್ರದಲ್ಲಿ, ಆಯ್ಕೆಯನ್ನು ಕಿರಿದು ಮಾಡಿಕೊಂಡಿದ್ದರೆ, ಕೆಲವೇ ನಿಮಿಷಗಳ ಕೆಲಸ; ವಿತರಣೆಯವರ ಪಟ್ಟಿಯನ್ನು ಇದ್ದಂತೆಯೇ ಇಟ್ಟುಕೊಂಡು ಹಳೆಯ ಯಂತ್ರದಲ್ಲಿ ಕುಳಿತರೆ ಗಂಟೆಗಳು ಹಿಡಿಯುವುವು, ಡಿಸ್ಕಿನಲ್ಲಿ ಹತ್ತಾರು ಗಿಗಾಬೈಟುಗಳೂ ಬೇಕಾಗುವುವು. ಸಾವಿರಾರು ತುಂಡುಗಳು ಬೆಸೆದು ಒಂದಾಗಿ, ಸಂಕುಚಿತಗೊಂಡು, ‘ಬಿಝೀಇಮೇಜ್’ ಎಂಬ ಬಿಂಬ ಸಿದ್ಧವಾಯಿತೆಂಬ ಸಾಲು ಕೊನೆಗೆ ಮೂಡುತ್ತದೆ, ಅದರ ಪಕ್ಕದಲ್ಲಿ ಕಂಸದೊಳಗೆ ಒಂದು ಅಂಕಿ. ಆ ಕೋಶದಲ್ಲಿ ಇದು ಎಷ್ಟನೆಯ ಕಟ್ಟಣೆಯೆಂಬುದನ್ನು ಆ ಅಂಕಿ ಹೇಳುತ್ತದೆ. ಬಿಂಬದ ಹೆಸರಿನಲ್ಲಿರುವ ‘ಬಿ’ ಅಕ್ಷರಕ್ಕೂ ಒಂದು ಪೂರ್ವಕಥೆಯಿದೆ: ಹಿಂದಿನ ಮಾದರಿಯ ಬಿಂಬವು ಸಂಕುಚಿತಗೊಂಡ ಮೇಲೆ ಸ್ಮೃತಿಯ ಕೆಳಭಾಗದ 512 ಕಿಲೋಬೈಟಿನೊಳಗೆ ಅಡಕವಾಗಬೇಕಾಗಿತ್ತು, ಡ್ರೈವರುಗಳು ಹೆಚ್ಚಿ ಆ ಮಿತಿ ಸಾಲದೆ ಹೋದಾಗ, ಒಂದು ಮೆಗಾಬೈಟಿನ ಆಚೆಗೆ ಇಳಿಸಬಹುದಾದ ಈ ‘ಬಿಗ್’, ಎಂದರೆ ದೊಡ್ಡ, ಬಿಂಬವನ್ನು ಕಲ್ಪಿಸಿದರು.

ಮಾಡ್ಯೂಲುಗಳನ್ನೂ ಬಿಂಬವನ್ನೂ ಅವುಗಳ ಸ್ಥಾನಕ್ಕೆ ಸೇರಿಸಿ, ಗ್ರಬ್ ಎಂಬ ಆರಂಭಕದ ಪಟ್ಟಿಯಲ್ಲಿ ಹೊಸ ಹೆಸರು ಬಂದಿದೆಯೆಂದು ನೋಡಿಕೊಂಡು ಯಂತ್ರವನ್ನು ಮತ್ತೆ ಹೊತ್ತಿಸುವ ಘಳಿಗೆ ಸ್ವಲ್ಪ ಎದೆಬಡಿತದ್ದೇ. ಇಲ್ಲಿ ಒಂದು ತೊಡಕು ಸುಪ್ರಸಿದ್ಧವಾಗಿದೆ. ಡಿಸ್ಕನ್ನು ಓದುವ ಡ್ರೈವರನ್ನು ಮಾಡ್ಯೂಲಾಗಿ ಮಾಡಿ, ಅದನ್ನು ಆರಂಭಕಾಲದ ಕಿರುಬಿಂಬವಾದ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇಡದೆ ಡಿಸ್ಕಿನಲ್ಲಿಯೇ ಬಿಟ್ಟಿದ್ದರೆ, ಡಿಸ್ಕನ್ನು ಓದಲು ಡ್ರೈವರು ಬೇಕು, ಡ್ರೈವರನ್ನು ತರಲು ಡಿಸ್ಕನ್ನು ಓದಬೇಕು ಎಂಬ ಅನ್ಯೋನ್ಯಾಶ್ರಯ ದೋಷದಲ್ಲಿ ಕರ್ನೆಲ್ ಸಿಕ್ಕಿ, ಮೂಲ ಕಡತವ್ಯವಸ್ಥೆಯನ್ನು ಏರಿಸಲಾರೆನೆಂದು ‘ಕರ್ನೆಲ್ ಪ್ಯಾನಿಕ್’ ಘೋಷಿಸಿ ನಿಂತುಬಿಡುತ್ತದೆ. ನಮ್ಮ ತರ್ಕಶಾಸ್ತ್ರಜ್ಞರು ಹೆಸರಿಟ್ಟ ದೋಷವೊಂದನ್ನು ಇಷ್ಟು ಪ್ರತ್ಯಕ್ಷವಾಗಿ ತೋರಿಸುವ ಯಂತ್ರ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರುವ ಯಂತ್ರಗಳಲ್ಲಾದರೆ ಸಹಿಯಿಲ್ಲದ ಕರ್ನೆಲನ್ನು ಬಾಗಿಲಲ್ಲೇ ತಡೆಯುವುದುಂಟು. ಅಂಥಲ್ಲಿ ಸ್ವಂತ ಕೀಲಿಯಿಂದ ಸಹಿ ಮಾಡಿಕೊಳ್ಳಬೇಕು, ಇಲ್ಲವೆ ಆ ಕಾವಲನ್ನು ತೆಗೆಯಬೇಕು. ಎಲ್ಲವೂ ಸರಿಯಾಗಿ, ಲಾಂಛನದ ಆಯ್ಕೆಯನ್ನೂ ಇಟ್ಟುಕೊಂಡಿದ್ದರೆ, ಪರದೆಯ ಮೇಲಂಚಿನಲ್ಲಿ ಪೆಂಗ್ವಿನ್ ಹಕ್ಕಿಗಳು ಸಾಲಾಗಿ ನಿಲ್ಲುವುವು: ಕರ್ನೆಲಿನ ಲೆಕ್ಕಕ್ಕೆ ಎಷ್ಟು ಪ್ರೊಸೆಸರುಗಳೋ ಅಷ್ಟು ಹಕ್ಕಿಗಳು.

ಇಷ್ಟೆಲ್ಲ ಮಾಡಿದುದರಿಂದ ಯಂತ್ರದ ವೇಗ ಹೆಚ್ಚುವುದೇ ಎಂದು ಕೇಳಿದರೆ, ಹೇಳಿಕೊಳ್ಳುವಷ್ಟಿಲ್ಲವೆಂಬುದೇ ಪ್ರಾಮಾಣಿಕವಾದ ಉತ್ತರ. ನಾಲ್ಕೆಂಟು ಮೆಗಾಬೈಟ್ ಸ್ಮೃತಿಯ ಕಾಲದಲ್ಲಿ ಬೇಡದ ಡ್ರೈವರೊಂದನ್ನು ಕಳೆದರೂ ಅದು ಲಾಭವೇ ಆಗಿತ್ತು. ಗಿಗಾಬೈಟುಗಳ ಕಾಲದಲ್ಲಿ, ಅದೂ ಕರೆಯದ ಹೊರತು ಬಾರದ ಮಾಡ್ಯೂಲುಗಳಿರುವಾಗ, ಆ ಮಿತವ್ಯಯಕ್ಕೆ ಬೆಲೆ ಕಡಿಮೆ. ನಿಜವಾದ ಪ್ರಯೋಜನ ಬೇರೆಡೆ ಇದೆ. ಹೊಸ ಕರ್ನೆಲ್ ಬಂದ ಮೇಲೆ ಮನೆಯ ಯಂತ್ರದ ವೈಫೈ ನಿಂತುಹೋಯಿತೆನ್ನಿ. ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳಾಗಿರುತ್ತವೆ, ತಪ್ಪಿತಸ್ಥ ಯಾವುದೆಂದು ಆ ಡ್ರೈವರನ್ನು ಬರೆದವನೂ ಹೇಳಲಾರನು, ಏಕೆಂದರೆ ಆ ಯಂತ್ರ ಅವನ ಬಳಿ ಇಲ್ಲ. ಟೊರ್ವಾಲ್ಡ್ಸ್ 2005ರಲ್ಲಿ ಕರ್ನೆಲಿನ ಸಲುವಾಗಿಯೇ ಆರಂಭಿಸಿದ ಗಿಟ್ ಎಂಬ ಸಾಧನವು ಅವುಗಳ ಸರಿಯಾದ ನಡುವಿನ ತಿದ್ದುಪಡಿಯನ್ನು ತೆಗೆದುಕೊಡುತ್ತದೆ; ಅಲ್ಲಿಯವರೆಗಿನ ಕರ್ನೆಲನ್ನು ಕಟ್ಟಿ, ಹೊತ್ತಿಸಿ, ವೈಫೈ ನಡೆಯಿತೋ ಇಲ್ಲವೋ ಎಂದು ಹೇಳಿದರೆ, ಅರ್ಧ ರಾಶಿ ಒಮ್ಮೆಗೇ ನಿರ್ದೋಷಿಯಾಗಿ ಹೊರಬೀಳುತ್ತದೆ. ಹೀಗೆ ಅರ್ಧಾರ್ಧ ಮಾಡುತ್ತ ಹೋದರೆ ಹದಿನಾಲ್ಕು ಕಟ್ಟಣೆಗಳೊಳಗೆ ಹದಿನಾರು ಸಾವಿರದಲ್ಲಿ ಒಂದನ್ನು ಬೆರಳಿಟ್ಟು ತೋರಿಸಬಹುದು. ಸಿ ಭಾಷೆಯ ಒಂದು ಸಾಲನ್ನೂ ಬರೆಯಲರಿಯದ ಗೃಹಸ್ಥನೊಬ್ಬನು, ಕೇವಲ ತಾಳ್ಮೆಯಿಂದ, ಲೋಕದ ಅತಿ ದೊಡ್ಡ ತಂತ್ರಾಂಶಗಳಲ್ಲೊಂದಕ್ಕೆ ಸಲ್ಲಿಸಬಹುದಾದ ಸೇವೆ ಇದು.

ಆದರೆ ಸ್ವಂತ ಕರ್ನೆಲಿಟ್ಟವನಿಗೆ ಒಂದು ಋಣವೂ ಅಂಟಿಕೊಳ್ಳುತ್ತದೆ. ಭದ್ರತೆಯ ಲೋಪಗಳನ್ನು ಮುಚ್ಚುವ ತಿದ್ದುಪಡಿಗಳು ಹೆಚ್ಚುಕಡಿಮೆ ವಾರವಾರವೂ ಹೊರಡುತ್ತಿರುತ್ತವೆ. ವಿತರಣೆಯವರ ಕರ್ನೆಲನ್ನು ಬಳಸುವವನಿಗೆ ಅವು ತಾವಾಗಿ ಬಂದು ಸೇರುವುವು, ತಾನೇ ಕಟ್ಟಿಕೊಂಡವನು ಪ್ರತಿಸಲವೂ ತಾನೇ ಕಟ್ಟಬೇಕು. ಅಷ್ಟು ಬಿಡುವಿಲ್ಲದವರು ವಿತರಣೆಯವರ ಕರ್ನೆಲಿನಲ್ಲಿಯೇ ಇರುವುದು ಒಳ್ಳೆಯದು. ಕೈಹಾಕಿಯೇ ನೋಡುವೆವೆನ್ನುವವರು, ಈಗ ನಡೆಯುತ್ತಿರುವ ಹಳೆಯ ಕರ್ನೆಲನ್ನು ಗ್ರಬ್ಬಿನ ಪಟ್ಟಿಯಿಂದ ಅಳಿಸದೆ ಉಳಿಸಿಕೊಂಡು, ಆಮೇಲೆ ಕೆಲಸ ಆರಂಭಿಸಲಿ.