ನೆತ್ತಿಯ ಮೇಲೆ ಬಿದ್ದರೂ ಯಾರಿಗೂ ಗೊತ್ತಾಗದ ಬೆಳಕು: ಗಾಮಾ ಸ್ಫೋಟದ ಲೆಕ್ಕ ಇಡೋದು ಹೇಗೆ?

ದೋಹಾ: 2022ರ ಅಕ್ಟೋಬರ್ 9, ಭಾನುವಾರ. ವಿಶ್ವಕಪ್‌ಗೆ ಸರಿಯಾಗಿ ಆರು ವಾರ ಬಾಕಿ. ಕತಾರ್‌ನಲ್ಲಿ ಸಂಜೆ 4 ಗಂಟೆ 17 ನಿಮಿಷ, ಊರಿನಲ್ಲಿ 6 ಗಂಟೆ 47 ನಿಮಿಷ. ದೋಹಾ ಅಲ್ ಜದೀದಾದ ಗಲ್ಲಿಗಳಲ್ಲಿ ಎಂದಿನ ಓಡಾಟ. ಅದೇ ಹೊತ್ತಿಗೆ, ಸುಮಾರು 190 ಕೋಟಿ ವರ್ಷಗಳ ಹಿಂದೆ ಹೊರಟಿದ್ದ ಗಾಮಾ ಕಿರಣಗಳ ಒಂದು ಅಲೆ ಭೂಮಿಗೆ ಬಂದು ಬಡಿಯಿತು. ಅದು ನೇರ ನೆತ್ತಿಯ ಮೇಲಿದ್ದದ್ದು ಮುಂಬೈಗೆ ಸ್ವಲ್ಪ ಪಶ್ಚಿಮದ ಅರಬ್ಬಿ ಸಮುದ್ರಕ್ಕೆ. ಅಂದರೆ ದೋಹಾದಲ್ಲಿದ್ದವರಿಗೂ ಮಂಗಳೂರಿನಲ್ಲಿದ್ದ ಮನೆಯವರಿಗೂ ಅದು ಆಕಾಶದಲ್ಲಿ ತುಂಬಾ ಮೇಲೆಯೇ ಇತ್ತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಗಾಮಾ ಕಿರಣ ಕಣ್ಣಿಗೆ ಕಾಣೋದಿಲ್ಲ, ಮೇಲಾಗಿ ವಾತಾವರಣವೇ ಅದನ್ನು ತಡೆದುಬಿಡುತ್ತದೆ. ಆದರೂ ಭಾರತದಲ್ಲಿ ಸಿಡಿಲು ಪತ್ತೆ ಮಾಡುವ ಉಪಕರಣಗಳು ಅದರ ಸುಳಿವು ಹಿಡಿದವು. ವಾತಾವರಣದ ಮೇಲ್ಪದರವಾದ ಅಯಾನುಗೋಳ ಹಲವು ಗಂಟೆ ಕದಡಿತ್ತು.

ಇದರ ಹೆಸರು ಜಿಆರ್‌ಬಿ 221009ಎ. ವೋಚರ್ ನಂಬರ್ ಇದ್ದ ಹಾಗೆ: ವರ್ಷ, ತಿಂಗಳು, ದಿನ, ಆ ದಿನದ ಮೊದಲನೆಯದು. ಇಷ್ಟು ಪ್ರಖರವಾದದ್ದು ಭೂಮಿಗೆ ಬರೋದು 10,000 ವರ್ಷಕ್ಕೊಮ್ಮೆ ಎಂಬುದು ವಿಜ್ಞಾನಿಗಳ ಅಂದಾಜು.

ಗಾಮಾ ಸ್ಫೋಟ ಅಂದರೆ, ಭಾರಿ ನಕ್ಷತ್ರವೊಂದು ಕುಸಿದಾಗ ಅಥವಾ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಚಿಮ್ಮುವ ಕಿರಣ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ಸಾಮಾನ್ಯವಾಗಿ ಮೊದಲನೆಯದು, ಕಡಿಮೆ ಇದ್ದರೆ ಎರಡನೆಯದು. ಮೊದಲು ಸಿಕ್ಕಿದ್ದು ಆಕಸ್ಮಿಕವಾಗಿ. ಕದ್ದುಮುಚ್ಚಿ ಅಣುಬಾಂಬ್ ಪರೀಕ್ಷೆ ಮಾಡುವವರನ್ನು ಹಿಡಿಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಒಂದನ್ನು ದಾಖಲಿಸಿದವು. ವಿಷಯ ಹೊರಬಂದದ್ದು 1973ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ದೂರದರ್ಶಕ ಅಂದ ಕೂಡಲೇ ಫೋಟೋ ನೆನಪಾಗುತ್ತೆ. ಇಲ್ಲಿ ಮುಖ್ಯವಾಗಿ ನಡೆಯೋದು ಎಣಿಕೆ. ಗಲ್ಲಿಯ ಒಂದು ಬಕಾಲಾ ತಗೊಳ್ಳಿ. ದಿನಾ ಸಂಜೆ ಗಂಟೆಗೆ ಹೆಚ್ಚುಕಮ್ಮಿ 40 ಜನ ಬರ್ತಾರೆ ಅಂತಿಟ್ಟುಕೊಳ್ಳಿ. ಒಂದು ದಿನ 43 ಆದರೆ ವಿಶೇಷ ಏನಿಲ್ಲ. 150 ಆಯಿತೋ, ಹೊರಗೆ ಏನೋ ನಡೆದಿದೆ. ಉಪಗ್ರಹವೂ ಹಾಗೆಯೇ, ಕ್ಷಣಕ್ಷಣಕ್ಕೂ ಬಂದು ಬೀಳುವ ಕಿರಣಗಳನ್ನು ಎಣಿಸುತ್ತಾ ಇರುತ್ತದೆ. ವಾಡಿಕೆಯ ಸಂಖ್ಯೆಗಿಂತ ಎಣಿಕೆ ತಟ್ಟನೆ ಏರಿದರೆ ಗುರುತು ಹಾಕುತ್ತದೆ. ಆಮೇಲೆ ವಾಡಿಕೆಯದನ್ನು ಕಳೆದರೆ ಉಳಿದದ್ದು ಸ್ಫೋಟದ ಪಾಲು. ಯಾವಾಗ, ಎಲ್ಲಿಂದ ಬರುತ್ತದೆ ಅಂತ ಮೊದಲೇ ಗೊತ್ತಿರೋದಿಲ್ಲವಾದ್ದರಿಂದ ಪುಸ್ತಕ ಯಾವಾಗಲೂ ತೆರೆದೇ ಇರಬೇಕು.

ದಿಕ್ಕು ತಿಳಿಯೋದು ಇನ್ನೊಂದು ಕಸರತ್ತು. ನಾಸಾದ ಫರ್ಮಿ ಉಪಗ್ರಹದಲ್ಲಿ ಬೇರೆ ಬೇರೆ ಕಡೆ ಮುಖ ಮಾಡಿದ 12 ಸೋಡಿಯಂ ಅಯೋಡೈಡ್ ಡಿಟೆಕ್ಟರ್‌ಗಳಿವೆ. ಯಾವುದಕ್ಕೆ ಹೆಚ್ಚು ಬಿತ್ತು ನೋಡಿ ಅಂದಾಜು ಮಾಡ್ತಾರೆ. ಸ್ವಿಫ್ಟ್ ಉಪಗ್ರಹದ್ದು ಜಾಲಂದ್ರದ ಉಪಾಯ: ಮೇಲೆ ಸೀಸದ ತುಂಡುಗಳ ಪರದೆ, ಕೆಳಗೆ ಬೀಳುವ ನೆರಳಿನಿಂದ ದಿಕ್ಕು. 2022ರ ಆ ದಿನ ಫರ್ಮಿ ಮೊದಲು ಹಿಡಿಯಿತು. ಸ್ವಿಫ್ಟ್‌ಗೆ ಕಂಡದ್ದು ಸುಮಾರು 53 ನಿಮಿಷದ ನಂತರ, ಅದೂ ನಮ್ಮ ಆಕಾಶಗಂಗೆಯೊಳಗಿನ ಯಾವುದೋ ಹೊಸ ಮೂಲ ಅಂತ. ಎರಡೂ ಒಂದೇ ಎಂದು ತಾಳೆಯಾದದ್ದು ಆಮೇಲೆ. ದೂರ ಗೊತ್ತಾದದ್ದು ಚಿಲಿಯ ದೊಡ್ಡ ದೂರದರ್ಶಕದಲ್ಲಿ ಅದರ ನಂತರದ ಬೆಳಕನ್ನು ಬಿಡಿಸಿ ನೋಡಿದಾಗ.

ಫರ್ಮಿಯ ಪುಸ್ತಕವೂ ಅಂದು ಪೂರ್ತಿ ಸರಿ ಇರಲಿಲ್ಲ. ಕಿರಣಗಳು ಎಷ್ಟು ದಟ್ಟವಾಗಿ ಬಂದವೆಂದರೆ ಡಿಟೆಕ್ಟರ್‌ಗಳು ಎಣಿಸಲಾಗದೆ ಕಟ್ಟಿಕೊಂಡವು. ಒಂದೇ ಬಿಲ್ಲಿಂಗ್ ಕೌಂಟರ್‌ಗೆ ಸಾವಿರ ಜನ ನುಗ್ಗಿದಾಗ ಕೆಲವರು ಬಿಲ್ ಇಲ್ಲದೇ ಹೋಗೋದಿಲ್ಲವೇ, ಹಾಗೆ. ತಪ್ಪಿಹೋದದ್ದನ್ನು ಆಮೇಲೆ ಲೆಕ್ಕ ಹಾಕಿ ಕೂಡಿಸಬೇಕಾಯಿತು.

ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ, ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಇಸ್ರೋದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಸುಮಾರು 650 ಕಿ.ಮೀ. ಎತ್ತರದಲ್ಲಿ, ಸಮಭಾಜಕದ ಹತ್ತಿರ ಸುತ್ತುತ್ತದೆ. ನಿಯಂತ್ರಣ ಬೆಂಗಳೂರಿನಿಂದ, ಮಾಹಿತಿ ಸಂಗ್ರಹ ಹೊರವಲಯದ ಬ್ಯಾಲಾಳುವಿನಲ್ಲಿ. ಅದರಲ್ಲಿರುವ ಸಿಝೆಡ್‌ಟಿಐ ಎಂಬ ಉಪಕರಣಕ್ಕೆ 16,384 ಪಿಕ್ಸೆಲ್‌ಗಳು. ಅದನ್ನು ಮಾಡಿದ್ದು ಎದುರಿಗಿರುವ ಮೂಲಗಳ ಎಕ್ಸ್-ರೇ ನೋಡೋದಕ್ಕೆ. ಆದರೆ ಕಿರಣದ ಶಕ್ತಿ 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದರೆ ಉಪಕರಣದ ಗೋಡೆಗಳೇ ಅದಕ್ಕೆ ಗಾಜಿನ ಹಾಗೆ. ಆದ್ದರಿಂದ ಪಕ್ಕದಿಂದ ಬಂದದ್ದೂ ಎಣಿಕೆಗೆ ಸಿಗುತ್ತದೆ. ಚಾಲೂ ಮಾಡಿದ ಮೊದಲ ದಿನವೇ, 2015ರ ಅಕ್ಟೋಬರ್ 6ರಂದು, 60 ಡಿಗ್ರಿ ಓರೆಯಿಂದ ಬಂದ ಸ್ಫೋಟವೊಂದು ಸಿಕ್ಕಿತು. 2023ರ ನವೆಂಬರ್‌ಗೆ ಸಂಖ್ಯೆ 600 ತಲುಪಿತು. ಐದು ವರ್ಷಕ್ಕೆಂದು ಕಟ್ಟಿದ ಉಪಗ್ರಹ ಹತ್ತು ವರ್ಷ ದಾಟಿದೆ.

ಬರೀ ಎಣಿಕೆಯಲ್ಲಿ ನಿಲ್ಲದೆ ಇನ್ನೊಂದನ್ನೂ ಇದು ಮಾಡುತ್ತದೆ. ಒಂದು ಕಿರಣ ಒಂದು ಪಿಕ್ಸೆಲ್‌ಗೆ ಬಡಿದು ಪಕ್ಕದ ಪಿಕ್ಸೆಲ್‌ಗೆ ಚಿಮ್ಮಿದರೆ, ಯಾವ ಕಡೆಗೆ ಹೆಚ್ಚು ಚಿಮ್ಮುತ್ತಿದೆ ಎಂದು ನೋಡಿ ಬೆಳಕಿನ ಧ್ರುವೀಕರಣ ಅಳೆಯಬಹುದು. ಸ್ಫೋಟದ ಬಳಿಯ ಕಾಂತಕ್ಷೇತ್ರ ಹೇಗಿತ್ತು ಅನ್ನೋದಕ್ಕೆ ಇದು ಸುಳಿವು. ಇಂಥ ಅಳತೆ ಮಾಡಬಲ್ಲ ಉಪಕರಣಗಳು ಜಗತ್ತಿನಲ್ಲೇ ಕೆಲವು ಮಾತ್ರ.

ಆಸ್ಟ್ರೋಸ್ಯಾಟ್‌ನ ಅತ್ಯಂತ ಸ್ವಾರಸ್ಯದ ನಮೂದು ಮಾತ್ರ ಒಂದು ಸೊನ್ನೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದ ಗುರುತ್ವ ಅಲೆ ಭೂಮಿಗೆ ಬಂತು, 1.7 ಸೆಕೆಂಡ್ ಬಿಟ್ಟು ಗಾಮಾ ಕಿರಣ ಬಂತು. ಫರ್ಮಿ ಹಿಡಿಯಿತು. ಆಸ್ಟ್ರೋಸ್ಯಾಟ್‌ಗೆ ಏನೂ ಕಾಣಲಿಲ್ಲ, ನಡುವೆ ಭೂಮಿ ಅಡ್ಡ ಇತ್ತು. ಆದರೆ ಉಪಕರಣ ಚಾಲೂ ಇತ್ತು. ಹಾಗಾಗಿ ಅದಕ್ಕೆ ಕಾಣಬಹುದಾಗಿದ್ದ ಆಕಾಶದ ಭಾಗವನ್ನೆಲ್ಲ ಹುಡುಕಾಟದಿಂದ ಕೈಬಿಡಬಹುದಾಯಿತು. ಎಣಿಸದೇ ಬಿಟ್ಟ ಖಾಲಿ ಜಾಗಕ್ಕೂ ಎಣಿಸಿ ಬರೆದ ಸೊನ್ನೆಗೂ ಎಷ್ಟು ವ್ಯತ್ಯಾಸ ಅಂತ ಸ್ಟಾಕ್ ತೆಗೆದವರಿಗೆ ಹೇಳಬೇಕಿಲ್ಲ.

650 ಕಿ.ಮೀ. ಎತ್ತರದಲ್ಲಿ ಭೂಮಿಯೇ ಕಾಲು ಭಾಗಕ್ಕಿಂತ ಹೆಚ್ಚು ಆಕಾಶವನ್ನು ಮುಚ್ಚುತ್ತದೆ. ಐಐಟಿ ಬಾಂಬೆ ನೇತೃತ್ವದ ‘ದಕ್ಷ’ ಪ್ರಸ್ತಾವದಲ್ಲಿ ಇದಕ್ಕೆ ಪರಿಹಾರವಿದೆ: ಒಂದರ ಬದಲು ಎರಡು ಉಪಗ್ರಹ, ಭೂಮಿಯ ಆ ಬದಿ ಒಂದು, ಈ ಬದಿ ಒಂದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಸೇರಿದೆ.